ಕತ್ತಿಗೋ, ಎದೆಗೋ? ಜಿಂಕೆ ಮಾಂಸ ಕೆಡುವುದು ಎಲ್ಲಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಮಡಿಕೇರಿ ಕಡೆಯವನು. ಆರು ವರ್ಷದಿಂದ ಸ್ಕಾಟ್ಲೆಂಡಿನ ಪರ್ತ್ ಹತ್ತಿರ ಇದ್ದೇನೆ. ಕಳೆದ ವರ್ಷ ಇಲ್ಲಿನ ಜಿಂಕೆ ಬೇಟೆಯ ಪರೀಕ್ಷೆ, ಡಿಯರ್ ಸ್ಟಾಕಿಂಗ್ ಸರ್ಟಿಫಿಕೇಟ್ ಮೊದಲ ಹಂತ ಪಾಸು ಮಾಡಿ, ಅನುಭವಿ ಸ್ಟಾಕರ್ (ಜಿಂಕೆ ಬೇಟೆಗಾರ) ಒಬ್ಬರ ಜೊತೆ ಗುಡ್ಡಕ್ಕೆ ಹೋಗುತ್ತಿದ್ದೇನೆ. ಈ ಚಳಿಗಾಲ ಮೂರು ಹೆಣ್ಣು ಕೆಂಪು ಜಿಂಕೆ ಹೊಡೆದೆ. ಮೊದಲನೆಯದಕ್ಕೆ ಮಾಂಸದ ವ್ಯಾಪಾರಿ ಪೂರ್ತಿ ದುಡ್ಡು ಕೊಟ್ಟ. ಎರಡನೆಯದಕ್ಕೆ ಈಡು ಹೆಗಲಿಗೇ ಬಿದ್ದು, ನಿಂತಲ್ಲೇ ಕುಸಿಯಿತು. ಆದರೂ ದುಡ್ಡು ಕಡಿದ. ಮೂರನೆಯದು ನನಗೆ ಅರ್ಧ ಬೆನ್ನು ಮಾಡಿ ಓರೆಯಾಗಿ ನಿಂತಿತ್ತು. ಎಡಗಡೆ ಕೊನೆಯ ಪಕ್ಕೆಲುಬಿನ ಹತ್ತಿರ ಗುಂಡು ಹೊಕ್ಕು ಬಲ ಹೆಗಲಿನ ಹತ್ತಿರ ಹೊರಬಂತು. ಎದೆಯೊಳಗೇ ಹೋಗಿದೆ ತಾನೇ? ಆದರೂ ಅದು ಎದ್ದುಬಿದ್ದು ಮುನ್ನೂರು ಮೀಟರ್ ಓಡಿತು. ನಾನೂ ಹಿಂದೆಯೇ ಓಡಿದೆ. ಮುಕ್ಕಾಲು ಗಂಟೆ ಹುಡುಕಿ ಎರಡನೇ ಗುಂಡು ಹೊಡೆಯಬೇಕಾಯಿತು. ಅಷ್ಟರಲ್ಲಿ ಕತ್ತಲು. ಹೆಡ್‌ಲ್ಯಾಂಪ್ ಬೆಳಕಲ್ಲಿ ಹೊಟ್ಟೆ ತೆಗೆದು, ಬರ್ನ್ (ಇಲ್ಲಿನ ಸಣ್ಣ ತೊರೆ) ನೀರಲ್ಲಿ ಚೆನ್ನಾಗಿ ತೊಳೆದು, ರಾತ್ರಿ ಕಾರಿನ ಡಿಕ್ಕಿಯಲ್ಲಿಟ್ಟು ಬೆಳಿಗ್ಗೆ ಕೊಂಡೊಯ್ದೆ. ವ್ಯಾಪಾರಿ ಒಳಗೆ ಇಣುಕಿ ನೋಡಿ ಬೇಡ ಅಂದ. ಮನೆಗೆ ತಂದು ಕಾಚಂಪುಳಿ (ನಮ್ಮ ಕೊಡಗಿನ ವಿನೆಗರ್) ಹಾಕಿ ಸಾರು ಮಾಡಿದೆವು. ಮಾಂಸ ಕಪ್ಪಗೆ, ಒಂಥರಾ ಅಂಟು ಅಂಟಾಗಿತ್ತು. ನಮ್ಮ ತಾತ ಶಿಕಾರಿ ಕಾಲದವರು. ‘ಗುಂಡಿಗೆಗೆ ಹೊಡೆದರೆ ರಕ್ತ ಮಾಂಸದಲ್ಲೇ ನಿಂತುಬಿಡುತ್ತೆ, ಕತ್ತಿಗೆ ಹೊಡೀಬೇಕು’ ಅನ್ನುತ್ತಿದ್ದರು. ಅದು ನಿಜವೇ? ಹೊಸಬ ಅಂತ ವ್ಯಾಪಾರಿ ನನ್ನನ್ನು ಯಾಮಾರಿಸುತ್ತಿದ್ದಾನಾ? ನಾಲ್ಕು ವರ್ಷದ ಮಗಳಿದ್ದಾಳೆ, ಅವಳಿಗೆ ಈ ಮಾಂಸ ಕೊಡಬಹುದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ಶಿಕಾರಿಯವನಲ್ಲ. ಪಶುವೈದ್ಯ. ಸ್ಕಾಟ್ಲೆಂಡಿನಲ್ಲಿ ಕಾಡುಪ್ರಾಣಿಗಳ ಮಾಂಸ ಕತ್ತರಿಸಿ ಪ್ಯಾಕ್ ಮಾಡುವ ಕಡೆ ವರ್ಷಗಟ್ಟಲೆ ತಪಾಸಣೆ ಮಾಡಿದವನು. ನೀವು ಕೋವಿಯ ಈ ತುದಿಯಿಂದ ನೋಡುತ್ತೀರಿ. ನಾನು ಒಂದೆರಡು ದಿನ ಕಳೆದ ಮೇಲೆ, ಕೊಕ್ಕೆಗೆ ನೇತುಹಾಕಿ ಚರ್ಮ ಸುಲಿದ ಮೇಲೆ ನೋಡುತ್ತೇನೆ. ಗುಡ್ಡದ ಮೇಲೆ ‘ಸರಿಯಾಗೇ ಬಿತ್ತು’ ಅನ್ನಿಸಿದ್ದು ಕೊಕ್ಕೆಯ ಮೇಲೆ ಬೇರೆ ಕತೆ ಹೇಳುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕಾರು ಇದ್ದರೂ ಕೊರಗು ಒಂದೇ: ಪ್ರಾಣಿ ಸತ್ತಿದೆ, ಗುಂಡು ಎದೆಗೇ ಬಿದ್ದಿದೆ, ಮತ್ತೆ ದುಡ್ಡು ಯಾಕೆ ಕಡಿಮೆ? ವ್ಯಾಪಾರಿ ಯಾಮಾರಿಸಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಎರಡನೆಯದರಲ್ಲಿ ಅವನು ಕಡಿದದ್ದು ನ್ಯಾಯ. ಮೂರನೆಯದನ್ನು ನಾನಾಗಿದ್ದರೂ ವಾಪಸ್ ಕಳಿಸುತ್ತಿದ್ದೆ.

ಎರಡನೆಯದರಿಂದಲೇ ಶುರು ಮಾಡೋಣ. ಹೆಗಲಿಗೆ ಬಿದ್ದ ಜಿಂಕೆ ಹೊರಗಿನಿಂದ ಬಹಳ ಚೆಂದ ಕಾಣುತ್ತದೆ. ಕೂದಲು ಸರಿಸಿದರೆ ಕಿರುಬೆರಳೂ ತೂರದ ತೂತು. ಚರ್ಮ ಎಳೆಯಿರಿ. ಅಂಗೈ ಅಗಲಕ್ಕೆ, ಕೆಲವೊಮ್ಮೆ ಎರಡು ಅಂಗೈ ಅಗಲಕ್ಕೆ ನೇರಳೆ ಬಣ್ಣದ ಲೋಳೆ. ಬೆರಳಿಂದ ಒತ್ತಿದರೆ ಮಾಂಸದ ಪದರಗಳ ನಡುವೆ ಜಾರುತ್ತದೆ. ಅದರೊಳಗೆ ಹೆಗಲು ಮೂಳೆಯ ಚೂರುಗಳು, ಕೂದಲು, ಗುಂಡಿನ ಪುಡಿ. ಗುಂಡು ಹೊರಟ ಬದಿಯಲ್ಲಿ ಇದರ ಎರಡರಷ್ಟು.

ಗುಂಡು ತೂತು ಮಾಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ನಿಜ. ವೇಗವಾಗಿ ಹೋಗುವ ಗುಂಡು ತನ್ನ ಸುತ್ತಲಿನ ಮಾಂಸವನ್ನು ಒಂದು ಕ್ಷಣ ಹೊರಕ್ಕೆ ತಳ್ಳುತ್ತದೆ, ಮಾಂಸ ಮತ್ತೆ ವಾಪಸ್ ಬರುತ್ತದೆ. ಆ ಎಳೆದಾಟದಲ್ಲಿ ಸಣ್ಣ ರಕ್ತನಾಳಗಳು ಒಡೆದು, ಮಾಂಸಖಂಡಗಳ ನಡುವಿನ ತೆಳು ಪೊರೆಗುಂಟ ರಕ್ತ ಹರಿದುಹೋಗುತ್ತದೆ. ಶ್ವಾಸಕೋಶದಲ್ಲಿ ಹೀಗಾದರೆ ನಷ್ಟವಿಲ್ಲ. ಅದು ಗಾಳಿ ತುಂಬಿದ ಸ್ಪಂಜು, ಅದನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಹೆಗಲಲ್ಲಿ ಗಟ್ಟಿ ಮೂಳೆ, ದಪ್ಪ ಮಾಂಸ. ಮೂಳೆಗೆ ಬಡಿದ ಗುಂಡು ಒಡೆಯುತ್ತದೆ, ಮೂಳೆಯ ಚೂರುಗಳೂ ಗುಂಡಿನ ಹಾಗೇ ಹಾರುತ್ತವೆ. ಹಗುರದ, ವೇಗದ, ಬೇಗ ಒಡೆಯುವ ಗುಂಡು ಹತ್ತಿರದಿಂದ ಬಿದ್ದರಂತೂ ಕೇಳುವುದೇ ಬೇಡ. ಭಾರದ, ಸ್ವಲ್ಪ ನಿಧಾನದ ಗುಂಡು ಅದೇ ಜಾಗದಲ್ಲಿ ಕಡಿಮೆ ಹಾಳು ಮಾಡುತ್ತದೆ.

ಈಗ ದುಡ್ಡಿನ ಲೆಕ್ಕ. ಸುಲಭವಾಗಲಿ ಅಂತ ನಿಮ್ಮ ಜಿಂಕೆ ಹೊಟ್ಟೆ ತೆಗೆದ ಮೇಲೆ 40 ಕಿಲೋ, ಬೆಲೆ ಕಿಲೋಗೆ 2 ಪೌಂಡ್ ಅಂದುಕೊಳ್ಳಿ. ನಿಮಗೆ 80 ಪೌಂಡ್. ಎರಡು ಮುಂಗಾಲಿನ ಹೆಗಲು ಸೇರಿ ಮೈತೂಕದ ಐದನೇ ಒಂದು ಭಾಗದ ಆಸುಪಾಸು, ಅಂದರೆ 8 ಕಿಲೋ. ಎರಡೂ ಹೋದರೆ 16 ಪೌಂಡ್ ನಷ್ಟ. ಆದರೆ ವ್ಯಾಪಾರಿ ಅದಕ್ಕಿಂತ ಜಾಸ್ತಿ ಕಡಿದಿರಬಹುದು, ಅಲ್ವಾ? ಕಾರಣ ಕೂಲಿ. ಹಾಳಾದ ಹೆಗಲನ್ನು ಒಬ್ಬ ಕುಶಲ ಕಟುಕ ನಿಂತು ಕೆರೆಯಬೇಕು. ಆ ಹೊತ್ತಿಗೆ ಅವನು ಇನ್ನೊಂದು ಒಳ್ಳೆಯ ಪ್ರಾಣಿಯನ್ನೇ ಬಿಡಿಸಿ ಮುಗಿಸುತ್ತಿದ್ದ. ಹೆಗಲು ಸಾಮಾನ್ಯವಾಗಿ ಕೈಮಾಕ್ಕೂ ಬರ್ಗರ್‌ಗೂ ಹೋಗುವ ಮಾಂಸ ಬೇರೆ. ಅದಕ್ಕೆ ಅಷ್ಟು ಕೂಲಿ ಯಾರು ಕೊಡುತ್ತಾರೆ? ತೆಗೆದು ತೊಟ್ಟಿಗೆ ಹಾಕುತ್ತಾರೆ.

ವ್ಯಾಪಾರಿಗೆ ನಿಜವಾದ ಲಾಭ ಇರುವುದು ಹಿಂದೊಡೆ ಮತ್ತು ಬೆನ್ನಿನ ಪಟ್ಟಿಯಲ್ಲಿ. ತೂಕದಲ್ಲಿ ಹಿಂದೊಡೆ ದೊಡ್ಡದು, ಬೆಲೆಯಲ್ಲಿ ಬೆನ್ನಿನ ಪಟ್ಟಿ ಮೇಲು. ಅದಕ್ಕೇ ಹೆಗಲಿಗೆ ಬಿದ್ದದ್ದಕ್ಕೆ ದುಡ್ಡು ಕಡಿದರೂ ಕೊಳ್ಳುತ್ತಾರೆ. ತೊಡೆಗೋ ಬೆನ್ನಿಗೋ ಗುಂಡು ಬಿದ್ದಿದ್ದರೆ ಮಾತೇ ಆಡುವುದಿಲ್ಲ.

ಇನ್ನು ನಿಮ್ಮ ತಾತನ ಮಾತು. ಈ ನಂಬಿಕೆ ಕೊಡಗಿನಲ್ಲಿ ಮಾತ್ರ ಅಲ್ಲ, ಸ್ಕಾಟ್ಲೆಂಡಿನ ಹಳಬರಲ್ಲೂ ಇದೆ. ಗುಂಡಿಗೆ ನಿಂತರೆ ರಕ್ತ ತಳ್ಳುವವರಿಲ್ಲ, ಆದ್ದರಿಂದ ಮಾಂಸದಲ್ಲೇ ಉಳಿಯುತ್ತದೆ ಅನ್ನುವ ತರ್ಕ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಕೊಕ್ಕೆಯ ಮೇಲೆ ಹಾಗೆ ಕಾಣುವುದಿಲ್ಲ. ಗುಂಡಿಗೆಗೋ ಶ್ವಾಸಕೋಶಕ್ಕೋ ಗುಂಡು ಬಿದ್ದರೆ ದೊಡ್ಡ ರಕ್ತನಾಳಗಳೇ ಹರಿಯುತ್ತವೆ. ರಕ್ತ ಎದೆಗೂಡಿನೊಳಕ್ಕೆ ನುಗ್ಗುತ್ತದೆ. ನೀವು ವಪೆ (ಎದೆ, ಹೊಟ್ಟೆಯ ನಡುವಿನ ಪರದೆ) ಬಿಡಿಸಿದಾಗ ಬಕೆಟ್ ಬಗ್ಗಿಸಿದ ಹಾಗೆ ಸುರಿಯಿತಲ್ಲ, ಮೊದಲನೇ ಜಿಂಕೆಯಲ್ಲಿ? ಅದೇ ಇದು. ಪ್ರಾಣಿ ಒಳಗಿಂದೊಳಗೇ ಕತ್ತು ಕೊಯ್ದಷ್ಟು ರಕ್ತ ಕಳೆದುಕೊಂಡಿರುತ್ತದೆ.

ತಮಾಷೆ ಅಂದರೆ, ರಕ್ತ ನಿಲ್ಲುವ ಭಯ ನಿಜವಾಗಿ ಇರುವುದು ತಾತ ಹೇಳಿದ ಕತ್ತಿನ ಈಡಿನಲ್ಲೇ. ಬೆನ್ನುಹುರಿ ತುಂಡಾದರೆ ಪ್ರಾಣಿ ಧೊಪ್ಪನೆ ಬೀಳುತ್ತದೆ, ಆದರೆ ದೊಡ್ಡ ನಾಳ ಹರಿಯದೇ ಇರಬಹುದು. ಆಗ ತಕ್ಷಣ ಹೋಗಿ ಎದೆಯ ಬುಡದಲ್ಲಿ ಚಾಕು ಹಾಕಿ ರಕ್ತ ಬಿಡಬೇಕು. ‘ಹೇಗೂ ಬಿದ್ದಿದೆಯಲ್ಲ’ ಅಂತ ಕಾಲು ಗಂಟೆ ಫೋಟೋ ತೆಗೆಯುತ್ತಾ ನಿಂತವರ ಜಿಂಕೆಗಳನ್ನು ನೋಡಿದ್ದೇನೆ.

ಹಾಗಂತ ತಾತ ಪೂರ್ತಿ ತಪ್ಪಲ್ಲ. ಮಾಂಸ ಉಳಿಯುವ ಮಟ್ಟಿಗೆ ಹೇಳುವುದಾದರೆ ಕತ್ತಿಗೆ ಸರಿಯಾಗಿ ಬಿದ್ದ ಈಡಿಗಿಂತ ಒಳ್ಳೆಯದಿಲ್ಲ. ಹೆಗಲು, ಬೆನ್ನು, ತೊಡೆ ಎಲ್ಲ ಹಾಗೇ ಇರುತ್ತದೆ. ತಲೆಗೆ ಬಿದ್ದರೆ ಇನ್ನೂ ಚೊಕ್ಕ. ತಲೆ, ಕತ್ತಿನ ಈಡನ್ನೇ ಇಷ್ಟಪಡುವ ವ್ಯಾಪಾರಿಗಳೂ ಇದ್ದಾರೆ. ‘ಸರಿಯಾಗಿ ಬಿದ್ದರೆ’ ಅನ್ನುವುದೇ ತೊಡಕು. ಕತ್ತಿನ ಮೂಳೆ ಕತ್ತಿನ ನಡುಮಧ್ಯೆ ನೆಟ್ಟಗೆ ಹೋಗುವುದಿಲ್ಲ, ಬಳುಕಿಕೊಂಡು ಹೋಗುತ್ತದೆ. ಚಳಿಗಾಲದ ದಟ್ಟ ಕೂದಲಿನ ಮೇಲಿಂದ ಅದು ಎಲ್ಲಿದೆ ಅಂತ ಅಂದಾಜು ಹಾಕಬೇಕು. ಮೇಲಾಗಿ ಜಿಂಕೆ ಮೈ ಅಲ್ಲಾಡಿಸದಿದ್ದರೂ ಕತ್ತು ಅಲ್ಲಾಡಿಸುತ್ತದೆ. ಎರಡು ಇಂಚು ಕೆಳಗೆ ಬಿದ್ದರೆ ಗಂಟಲು, ಅನ್ನನಾಳ. ಎರಡು ಇಂಚು ಮೇಲೆ ಬಿದ್ದರೆ ಬರೀ ಮಾಂಸ. ಅದು ಓಡಿಹೋಗುತ್ತದೆ, ಸಿಕ್ಕುವುದಿಲ್ಲ. ತಲೆಗೆ ಇಟ್ಟ ಗುರಿ ತಪ್ಪಿದರೆ ದವಡೆ. ದವಡೆ ಮುರಿದ ಹೆಣ್ಣು ಜಿಂಕೆ ಒಂದು ನಮ್ಮಲ್ಲಿಗೆ ಬಂದಿತ್ತು. ಯಾರೋ ಹೊಡೆದು ಬಿಟ್ಟದ್ದು, ದಿನಗಳಾದ ಮೇಲೆ ಇನ್ಯಾರೋ ಮುಗಿಸಿದ್ದು. ಹೊಟ್ಟೆ ಖಾಲಿ, ಚರ್ಮ ಮೂಳೆಗೆ ಅಂಟಿತ್ತು. ಅದರಲ್ಲಿ ಉಳಿಸಲು ಮಾಂಸವೇ ಇರಲಿಲ್ಲ. ನಿಮಗೆ ಇದು ಮೊದಲ ಸೀಸನ್. ಸದ್ಯಕ್ಕೆ ಕತ್ತು, ತಲೆ ಎರಡನ್ನೂ ಮರೆತುಬಿಡಿ.

ಈಗ ಆ ಮೂರನೆಯದು. ಇಲ್ಲಿ ಒಂದಲ್ಲ, ಮೂರು ಎಡವಟ್ಟು ಒಟ್ಟಿಗೆ ಆಗಿವೆ. ಈಡಿನದು ಅದರಲ್ಲಿ ಒಂದೇ.

ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆ ಇರುವುದು ಎಡಗಡೆ, ನಮ್ಮ ಹಸು, ಕುರಿಗಳಿಗೆ ಇರುವ ಹಾಗೇ. ಪಕ್ಕೆಲುಬು ಇದ್ದಲ್ಲೆಲ್ಲ ಎದೆ ಅಂತ ನಾವು ತಿಳಿಯುತ್ತೇವೆ. ಅಲ್ಲ. ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ವಪೆ ಬೋರಲು ಹಾಕಿದ ಬೋಗುಣಿಯ ಹಾಗೆ ಮುಂದಕ್ಕೆ ಉಬ್ಬಿಕೊಂಡಿರುತ್ತದೆ. ಹಾಗಾಗಿ ಹಿಂದಿನ ಐದಾರು ಪಕ್ಕೆಲುಬುಗಳ ಕೆಳಗೆ ಇರುವುದು ಶ್ವಾಸಕೋಶಕ್ಕಿಂತ ಜಾಸ್ತಿ ಹೊಟ್ಟೆಯೇ. ಎಡಗಡೆ ಕೊನೆಯ ಪಕ್ಕೆಲುಬಿನಲ್ಲಿ ಹೊಕ್ಕ ನಿಮ್ಮ ಗುಂಡು ಮೊದಲು ಆ ಹೊಟ್ಟೆಯ ಮೂಲೆಯನ್ನು ಸೀಳಿ, ಆಮೇಲೆ ವಪೆ ದಾಟಿ ಎದೆಗೆ ಹೋಗಿದೆ. ಹೊರಬಂದ ಜಾಗ ನೋಡಿ ನೀವು ಎದೆಗೇ ಬಿತ್ತು ಅಂದಿರಿ. ಗುಂಡು ಹೊಕ್ಕ ಜಾಗವಾಗಲಿ ಹೊರಟ ಜಾಗವಾಗಲಿ ಒಂದೇ ನೋಡಿದರೆ ಸಾಲದು. ನಡುವಿನ ದಾರಿಯಲ್ಲಿ ಏನಿತ್ತು ಅನ್ನುವುದು ಮುಖ್ಯ.

ಆ ಹೊಟ್ಟೆಯಲ್ಲಿ ಹುಳಿಯಾಗುತ್ತಿರುವ ಹುಲ್ಲಿನ ಗಂಜಿ ತುಂಬಿರುತ್ತದೆ. ಗುಂಡು ಹೋದ ರಭಸಕ್ಕೆ ಅದು ಎದೆಗೂಡಿನ ಗೋಡೆಗೆಲ್ಲ ಚಿಮ್ಮುತ್ತದೆ. ಬೆನ್ನುಮೂಳೆಯ ಒಳಗಡೆ ಅಂಟಿಕೊಂಡಿರುವ ಫಿಲೆಟ್, ಇಡೀ ಪ್ರಾಣಿಯಲ್ಲೇ ಅತಿ ಮೃದು ಮಾಂಸ, ಮೊದಲು ಕೊಳೆಯಾಗುವುದೂ ಅದೇ. ವ್ಯಾಪಾರಿ ಇಣುಕಿ ನೋಡಿದ್ದು ಅಲ್ಲಿಗೇ ಇರಬೇಕು. ಆ ಹಸಿರು ಕಲೆ, ಅದರ ಹುಳಿ ವಾಸನೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ನೀವು ಬರ್ನ್ ನೀರಲ್ಲಿ ತೊಳೆದೆ ಅಂದಿರಿ. ಪಾಪ, ಒಳ್ಳೆಯದಕ್ಕೇ ಮಾಡಿದಿರಿ. ನಮ್ಮ ಮನೆಗಳಲ್ಲಿ ಮಾಂಸ ಅಂದರೆ ಉಪ್ಪು ಅರಿಶಿನ ಹಚ್ಚಿ ತೊಳೆಯುವುದೇ ಅಭ್ಯಾಸ. ಆದರೆ ಒಂದು ಕಡೆ ಇದ್ದ ಕೊಳೆಯನ್ನು ನೀರು ಮೈಯೆಲ್ಲ ಹರಡುತ್ತದೆ, ಮೇಲೆ ತೇವ ಬೇರೆ ಬಿಡುತ್ತದೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಕೊಳೆಯಾದ ಜಾಗವನ್ನು ಚಾಕುವಿನಿಂದ ಕತ್ತರಿಸಿ ಬಿಸಾಡಬೇಕು, ಅಷ್ಟೇ. ಇದು ಸುಮ್ನೆ ಶಾಸ್ತ್ರಕ್ಕೆ ಹೇಳುವ ಮಾತಲ್ಲ. 2015ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಿಂಕೆ ಮಾಂಸ ತಿಂದವರಲ್ಲಿ ಇ. ಕೋಲೈ ಓ157 ಕಾಣಿಸಿಕೊಂಡಿತ್ತು. ಮಕ್ಕಳ ಕಿಡ್ನಿಯನ್ನೇ ಕೆಡಿಸಬಲ್ಲ ರೋಗಾಣು ಅದು. ಕಾಡುಜಿಂಕೆಗಳಲ್ಲಿ ಅದು ಅಪರೂಪ. ಆದರೆ ಇದ್ದರೆ ಇರುವುದು ಕರುಳಿನಲ್ಲಿ, ಮಾಂಸಕ್ಕೆ ಬರುವುದು ಇಂಥ ಸೀಳಿನಿಂದ.

ಒಂದು ವಿಷಯ ನನ್ನ ಮೇಲೇ ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಸಿರು ಕಲೆ ಕಂಡ ಜಿಂಕೆಗೆಲ್ಲ ‘ಹೊಟ್ಟೆಗೆ ಈಡು’ ಅಂತ ಬರೆದುಬಿಡುತ್ತಿದ್ದೆ. ಒಂದು ದಿನ ಹಿರಿಯ ಸ್ಟಾಕರ್ ಒಬ್ಬ ಬಂದು ತನ್ನ ಜಿಂಕೆಯನ್ನು ತಿರುಗಿಸಿ ತೋರಿಸಿದ. ಗುಂಡಿನ ತೂತು ಚೊಕ್ಕವಾಗಿ ಶ್ವಾಸಕೋಶದ ಮೇಲಿತ್ತು. ಹಸಿರು ಬಂದದ್ದು ಹೊಟ್ಟೆ ತೆಗೆಯುವಾಗ ಅವನ ಜೊತೆಗಿದ್ದ ಹುಡುಗನ ಚಾಕು ಕರುಳಿಗೆ ತಾಗಿದ್ದರಿಂದ. ಕತ್ತಲಲ್ಲಿ, ತಣ್ಣಗಾದ ಬೆರಳಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಅದು ಯಾರಿಗೂ ಆಗಬಹುದು. ನಿಮಗೂ ಆಗಿರಬಹುದು.

ಎರಡನೇ ಎಡವಟ್ಟು, ಆ ಓಟ. ಮಾಂಸ ಕಪ್ಪಾಗಿ ಅಂಟಂಟಾಗಿತ್ತು ಅಂದಿರಲ್ಲ, ಅದಕ್ಕೆ ರಕ್ತ ಕಾರಣವಲ್ಲ. ಆರಾಮಾಗಿದ್ದ ಪ್ರಾಣಿಯ ಮಾಂಸಖಂಡದಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ. ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಸಿಡ್ ಆಗುತ್ತದೆ. ಮಾಂಸ ನಿಧಾನವಾಗಿ ಹುಳಿಯತ್ತ ತಿರುಗಿ ಅದರ ಪಿಎಚ್ 7ರ ಹತ್ತಿರದಿಂದ 5.5ರ ಆಸುಪಾಸಿಗೆ ಇಳಿಯುತ್ತದೆ. ಒಳ್ಳೆಯ ಕೆಂಪು ಬಣ್ಣ, ರುಚಿ, ಬಾಳಿಕೆ ಎಲ್ಲ ಅದರಿಂದಲೇ. ಗಾಯಗೊಂಡು ಹೆದರಿ ಮುಕ್ಕಾಲು ಗಂಟೆ ಒದ್ದಾಡಿದ ಪ್ರಾಣಿ ಆ ದಾಸ್ತಾನನ್ನು ಬದುಕಿರುವಾಗಲೇ ಖಾಲಿ ಮಾಡಿರುತ್ತದೆ. ಆಮೇಲೆ ಹುಳಿಯಾಗಲು ಏನೂ ಉಳಿದಿರುವುದಿಲ್ಲ. ಪಿಎಚ್ 6ರ ಮೇಲೇ ನಿಲ್ಲುತ್ತದೆ. ಮಾಂಸ ಕಪ್ಪಗೆ, ಬಿಗಿಯಾಗಿ, ಮುಟ್ಟಿದರೆ ಅಂಟುವ ಹಾಗೆ ಇರುತ್ತದೆ, ಬೇಗ ಕೆಡುತ್ತದೆ. ಲಾರಿಯಲ್ಲಿ ದೂರದಿಂದ ಬಂದು ಸುಸ್ತಾದ ಕುರಿ, ಹೋರಿಗಳಲ್ಲೂ ಹೀಗೇ ಆಗುತ್ತದೆ.

ಇಲ್ಲಿ ನೀವು ಬೇರೆ ಏನು ಮಾಡಬಹುದಿತ್ತು? ಈಡು ಬಿದ್ದ ಮೇಲೆ ಹಿಂದೆ ಓಡಬಾರದಿತ್ತು. ಜಿಂಕೆ ಇನ್ನೂ ಕಾಣುತ್ತಿದ್ದು, ನೆಟ್ಟಗೆ ಗುರಿ ಸಿಕ್ಕರೆ ತಕ್ಷಣ ಎರಡನೇ ಗುಂಡು. ಸಿಗಲಿಲ್ಲವೋ, ಅದು ಯಾವ ಕಡೆ ಹೋಯಿತು ಅಂತ ನೆನಪಿಟ್ಟುಕೊಂಡು ಹತ್ತು ಹದಿನೈದು ನಿಮಿಷ ಕೂರುವುದು. ಯಾರೂ ಅಟ್ಟಿಸಿಕೊಂಡು ಬರದಿದ್ದರೆ ಗಾಯಗೊಂಡ ಜಿಂಕೆ ಹತ್ತಿರದಲ್ಲೇ ಮಲಗುವ ಸಾಧ್ಯತೆ ಜಾಸ್ತಿ. ಶ್ವಾಸಕೋಶಕ್ಕೆ ಚೆನ್ನಾಗಿ ಬಿದ್ದ ಜಿಂಕೆಯೂ ಐವತ್ತು, ನೂರು ಮೀಟರ್ ಓಡಿಯೇ ಬೀಳುತ್ತದೆ. ಆ ಚಿಕ್ಕ ಓಟದಿಂದ ಮಾಂಸಕ್ಕೆ ಹೇಳುವಂಥ ನಷ್ಟವಿಲ್ಲ. ಹೊಸಬರು ನಿಂತಲ್ಲೇ ಬೀಳಬೇಕು ಅಂತ ಹೆಗಲನ್ನೇ ಹುಡುಕುವುದು ಈ ಓಟದ ಹೆದರಿಕೆಯಿಂದ. ಕಡಿದಾದ ಬಂಡೆ ಅಂಚಲ್ಲೋ ಒತ್ತು ಕಾಡಿನ ಪಕ್ಕದಲ್ಲೋ ಆದರೆ ಅದಕ್ಕೆ ಅರ್ಥ ಇದೆ. ಅಲ್ಲಿ ಜಿಂಕೆಯೇ ಕಳೆದುಹೋಗುವುದಕ್ಕಿಂತ ಎರಡು ಹೆಗಲು ಹೋಗುವುದು ವಾಸಿ. ಬಯಲು ಗುಡ್ಡದಲ್ಲಿ ಆ ಗಡಿಬಿಡಿ ಬೇಡ.

ಮೂರನೆಯದು ಕಾರಿನ ಡಿಕ್ಕಿ. ಹೊರಗೆ ಚಳಿ ಇತ್ತು ಅಂತ ಇಟ್ಟಿರಿ. ಆದರೆ ಜಿಂಕೆ ತನ್ನದೇ ಕಂಬಳಿ ಹೊದ್ದುಕೊಂಡಿರುತ್ತದೆ. ಮಡಚಿ ಮಲಗಿಸಿದರೆ ತೊಡೆಯ ಒಳಗಿನ ಬಿಸಿ ಬೆಳಗಾದರೂ ಆರುವುದಿಲ್ಲ. ಕಾಡುಮಾಂಸದ ನಿಯಮದ ಪ್ರಕಾರ ಇಂಥ ದೊಡ್ಡ ಪ್ರಾಣಿಯ ಮಾಂಸ ಪೂರ್ತಿ 7 ಡಿಗ್ರಿ ಸೆಲ್ಸಿಯಸ್ ಒಳಗೆ ಬರಬೇಕು. ಹೊಟ್ಟೆ, ಕರುಳನ್ನು ಕೊಂದ ಮೇಲೆ ಆದಷ್ಟು ಬೇಗ ತೆಗೆದಿರಬೇಕು. ಎದೆ ತೆರೆದು, ನಡುವೆ ಕೋಲು ಕೊಟ್ಟು ಅಗಲಿಸಿ, ಗಾಳಿ ಆಡುವ ಹಾಗೆ ನೇತುಹಾಕುವುದು ಅದಕ್ಕೇ. ನಿಮ್ಮ ಸ್ಟಾಕರ್‌ಗೆ ಲಾರ್ಡರ್, ಅಂದರೆ ಜಿಂಕೆ ನೇತುಹಾಕುವ ತಂಪು ಕೋಣೆ, ಇದ್ದೇ ಇರುತ್ತದೆ. ಎಷ್ಟೇ ಹೊತ್ತಾಗಲಿ ಅಲ್ಲಿಗೇ ಕೊಂಡೊಯ್ಯಿ. ಜೊತೆಗೆ ಜಿಂಕೆಗೆ ಕಟ್ಟುವ ಟ್ಯಾಗಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯಿರಿ: ಎರಡು ಗುಂಡು, ನಡುವೆ ಇಷ್ಟು ಹೊತ್ತು. ನನ್ನಂಥವನು ಎಲ್ಲಿ ನೋಡಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ. ಮುಚ್ಚಿಟ್ಟವರ ಪ್ರಾಣಿಗಳನ್ನು ಮುಂದಿನ ಸಲದಿಂದ ನಾವು ಎರಡೆರಡು ಸಲ ತಿರುವಿ ನೋಡುತ್ತೇವೆ, ಸುಳ್ಳು ಯಾಕೆ ಹೇಳಲಿ.

ಹಾಗಾದರೆ ಎಲ್ಲಿಗೆ ಹೊಡೆಯಬೇಕು? ಜಿಂಕೆ ಪೂರ್ತಿ ಅಡ್ಡ ತಿರುಗುವ ತನಕ ಕಾಯಿರಿ. ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೆ ಬನ್ನಿ, ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ನಿಲ್ಲಿ. ಹಿಂದೆ ಶ್ವಾಸಕೋಶ, ಕೆಳಗೆ ಗುಂಡಿಗೆ, ಮೇಲೆ ದೊಡ್ಡ ರಕ್ತನಾಳಗಳು. ಯಾವ ಕಡೆ ಎರಡು ಮೂರು ಇಂಚು ತಪ್ಪಿದರೂ ಪ್ರಾಣಿ ಬೇಗ ಸಾಯುತ್ತದೆ. ಹೋಗುವುದು ಒಂದೆರಡು ಪಕ್ಕೆಲುಬು, ಅಬ್ಬಬ್ಬಾ ಅಂದರೆ ಒಂದು ಹೆಗಲಿನ ಅಂಚು. ನಿಮ್ಮ ಮೊದಲನೇ ಜಿಂಕೆಗೆ ಪೂರ್ತಿ ದುಡ್ಡು ಸಿಕ್ಕಿತಲ್ಲ, ಅಲ್ಲಿಗೇ ಬಿದ್ದಿರಬೇಕು. ಓರೆ ನಿಂತಾಗ ಮಾತ್ರ ಹೊರಬರುವ ಜಾಗದ ಲೆಕ್ಕ ಹಾಕದೆ ಬೆರಳು ಒತ್ತಬೇಡಿ. ಅನುಮಾನ ಬಂದರೆ ಬಿಟ್ಟುಬಿಡಿ.

ಊರಿನ ವಿಷಯ ಒಂದು ಮಾತು. ಕೈಲ್ ಪೊಳ್ದ್‌ಗೆ ಕೋವಿ ಪೂಜೆ ಮಾಡುವ ಮನೆಯವರು ನೀವು, ರಜೆಗೆ ಹೋದಾಗ ನೆಂಟರು ಕೇಳಿಯೇ ಕೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ ತೋಳ ಇಲ್ಲ, ಜಿಂಕೆ ಮಿತಿಮೀರಿ ಹೆಚ್ಚಿ ಗಿಡಗಳನ್ನು ಏಳಲು ಬಿಡುತ್ತಿಲ್ಲ, ಅದಕ್ಕೆ ಅಲ್ಲಿ ಕಾನೂನೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ, ಜಿಂಕೆ, ಕಾಡುಕುರಿ ಹೊಡೆದರೆ ಜೈಲು. ಈ ವಿದ್ಯೆಯನ್ನು ಅಲ್ಲೇ ಬಿಟ್ಟು ವಿಮಾನ ಹತ್ತಿ.

ಕೊನೆಗೆ ನಿಮ್ಮ ಮಗಳ ಪ್ರಶ್ನೆ. ನಿಜ ಹೇಳಬೇಕೆಂದರೆ ನಾನು ಮೊದಲು ಉತ್ತರ ಕೊಡಬೇಕಿದ್ದದ್ದು ಇದಕ್ಕೇ. ನೀವು ಯಾವ ಗುಂಡು ಬಳಸುತ್ತೀರಿ ಅಂತ ಬರೆದಿಲ್ಲ. ಸೀಸದ ಗುಂಡಾದರೆ ಕೇಳಿ. ಅದು ಮೂಳೆಗೆ ಬಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ, ಗಾಯದಿಂದ ಗೇಣುದ್ದ ದೂರಕ್ಕೂ ಹೋಗಿರುತ್ತದೆ. ನೇರಳೆ ಮಾಂಸ ಕೆರೆದು ತೆಗೆದ ಮೇಲೂ ಕೆಂಪಗೆ ಚೆನ್ನಾಗಿ ಕಾಣುವ ಮಾಂಸದೊಳಗೆ ಅದು ಉಳಿದಿರಬಹುದು. ಅಮೆರಿಕದ ನಾರ್ತ್ ಡಕೋಟಾದಲ್ಲಿ 2008ರಲ್ಲಿ ಬಡವರಿಗೆ ಹಂಚಲು ಇಟ್ಟಿದ್ದ ಜಿಂಕೆ ಕೈಮಾದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನು ಹಂಚದಂತೆ ತಡೆದರು. ಬೆಳೆಯುವ ಮಕ್ಕಳ ಮೆದುಳಿಗೆ ಸೀಸ ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು ಪುಟ್ಟ ಮಕ್ಕಳು, ಬಸುರಿಯರು ಆದಷ್ಟು ಕಡಿಮೆ ಮಾಡಬೇಕು ಅಂತ ಬ್ರಿಟನ್ನಿನ ಆಹಾರ ಇಲಾಖೆಯೂ ಹೇಳುತ್ತದೆ.

ಆದ್ದರಿಂದ ಮುಂದಿನ ಸೀಸನ್ನಿಗೆ ತಾಮ್ರದ ಗುಂಡಿಗೆ ಬದಲಾಯಿಸಿ. ಸ್ಕಾಟ್ಲೆಂಡಿನ ಸರ್ಕಾರಿ ಅರಣ್ಯ ಸಂಸ್ಥೆ ಆಗಲೇ ಬದಲಾಯಿಸಿದೆ. ಬ್ರಿಟನ್ ಸರ್ಕಾರವೂ ಸೀಸಕ್ಕೆ ನಿಷೇಧ ತರುವುದಾಗಿ 2025ರಲ್ಲಿ ಹೇಳಿದೆ. ತಾಮ್ರ ಅಷ್ಟು ಪುಡಿಯಾಗುವುದಿಲ್ಲ, ಹೆಗಲೂ ಸ್ವಲ್ಪ ಕಡಿಮೆ ಹಾಳಾಗುತ್ತದೆ. ಅದಕ್ಕೂ ಒಂದು ಕೊರತೆ ಇದೆ. ದೂರ ಹೋಗಿ ವೇಗ ಇಳಿದರೆ ತಾಮ್ರದ ಗುಂಡು ಸರಿಯಾಗಿ ಅರಳುವುದಿಲ್ಲ, ಜಿಂಕೆ ಇನ್ನೂ ನಾಲ್ಕು ಹೆಜ್ಜೆ ಜಾಸ್ತಿ ಓಡಬಹುದು. ಹತ್ತಿರ ಹೋಗಿ ಹೊಡೆಯುವ ಅಭ್ಯಾಸ ಬೇಕು. ನಿಮ್ಮ ಕೋವಿಗೆ ಹೊಂದುವ ತೋಟೆ ಯಾವುದು ಅಂತ ಮೊದಲು ರೇಂಜಿನಲ್ಲಿ ಕಾಗದದ ಮೇಲೆ ನೋಡಿಕೊಳ್ಳಿ.

ಫ್ರೀಜರಿನಲ್ಲಿರುವ ಮೂರನೇ ಜಿಂಕೆಯ ಮಾಂಸವನ್ನು ಬಿಸಾಡಿ. ಹೊಟ್ಟೆಯ ಕೊಳೆ, ತೊಳೆದ ನೀರು, ಡಿಕ್ಕಿಯ ರಾತ್ರಿ ಎಲ್ಲ ಸೇರಿದ ಮೇಲೆ ಅದನ್ನು ಉಳಿಸಿಕೊಳ್ಳುವ ದಾರಿ ನನಗೆ ಕಾಣುವುದಿಲ್ಲ. ಇನ್ನು ಮುಂದೆ ಮನೆಗೆ ಅಂತ ಇಟ್ಟುಕೊಳ್ಳುವುದಾದರೆ ಗುಂಡು ಸೋಕದ ಹಿಂದೊಡೆ ಇಟ್ಟುಕೊಳ್ಳಿ, ಮಗಳಿಗೂ ಅದನ್ನೇ ಕೊಡಿ. ಸೀಸದ ಗುಂಡು ಬಿದ್ದ ಹೆಗಲಿನ ಕೈಮಾ ಅವಳ ತಟ್ಟೆಗೆ ಬೇಡ. ಕಾಚಂಪುಳಿ ಹಾಕಿದರೆ ಎಲ್ಲ ದೋಷ ಹೋಗುತ್ತದೆ ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ಇದೊಂದು ವಿಷಯದಲ್ಲಿ ಉಲ್ಟಾ ಅನ್ನಿ: ಸೀಸದ ಗುಂಡು ಇದ್ದ ಮಾಂಸವನ್ನು ವಿನೆಗರ್ ಹಾಕಿ ಬೇಯಿಸಿದಾಗ ಸೀಸ ಇನ್ನೂ ಜಾಸ್ತಿ ಕರಗಿ ಬಂದದ್ದನ್ನು ಸ್ಪೇನಿನ ಸಂಶೋಧಕರು ಕ್ವೇಲ್ ಹಕ್ಕಿಯ ಮಾಂಸದಲ್ಲಿ ಕಂಡಿದ್ದಾರೆ. ತಾಮ್ರದ ಗುಂಡಿನ ಒಳ್ಳೆಯ ತೊಡೆ ಸಿಕ್ಕಿದ ದಿನ ಆರಾಮಾಗಿ ಕಾಚಂಪುಳಿ ಹಾಕಿ. ಆದರೆ ಹಂದಿಯ ಹಾಗೆ ಇದರಲ್ಲಿ ಕೊಬ್ಬಿಲ್ಲ, ಪಂದಿ ಕರಿಯಷ್ಟು ಹೊತ್ತು ಬೇಯಿಸಿದರೆ ನಾರಾಗುತ್ತದೆ.